ಸೋಮವಾರ ಸಂಜೆ ಕಿತ್ತ ಹಲ್ಲು: ಡಯಾಲಿಸಿಸ್ ರೋಗಿಯೊಬ್ಬರ ಪ್ರಕರಣ

ಹಿನ್ನೆಲೆ

ರೋಗಿ 54 ವರ್ಷದ ಗಂಡಸು. ಮಲೆನಾಡಿನ ಒಂದು ತಾಲ್ಲೂಕಿನವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗುರುತು ಹತ್ತದಂತೆ ಊರು, ಕಸುಬು, ವಯಸ್ಸನ್ನು ತುಸು ಬದಲಿಸಿದೆ. ಹದಿನೇಳು ವರ್ಷದಿಂದ ಸಕ್ಕರೆ ಕಾಯಿಲೆ, ಅದರಿಂದಲೇ ಎರಡೂ ಕಿಡ್ನಿ ಕೆಟ್ಟಿವೆ. ಹದಿನಾಲ್ಕು ತಿಂಗಳಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಮಧ್ಯಾಹ್ನ 12:30ರ ಪಾಳಿಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ. ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) 58 ಕಿಲೋ. ದಿನಕ್ಕೆ ಒಂದು ಲೋಟದಷ್ಟು ಮೂತ್ರ ಇನ್ನೂ ಬರುತ್ತಿತ್ತು.

ಮಾತ್ರೆಗಳ ಪಟ್ಟಿ ಇಂಥವರಲ್ಲಿ ಇರುವಂಥದ್ದೇ: ಅಮ್ಲೋಡಿಪಿನ್ 10 ಮಿ.ಗ್ರಾಂ, ಸೆವೆಲಾಮರ್, ಆಸ್ಪಿರಿನ್ 75 ಮಿ.ಗ್ರಾಂ, ಇನ್ಸುಲಿನ್, ವಾರಕ್ಕೆರಡು ರಕ್ತ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್. ಹಿಮೋಗ್ಲೋಬಿನ್ 8.4, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣಗಳು) 1.9 ಲಕ್ಷ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.0. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್.

ಹೆಂಡತಿಯ ಕಿಡ್ನಿ ಕೂಡಿಬರುವ ಹಾಗಿತ್ತು. ಕಸಿ ಮಾಡುವ ಆಸ್ಪತ್ರೆಯವರು ಕೊಟ್ಟ ತಪಾಸಣೆ ಪಟ್ಟಿಯಲ್ಲಿ ಹಲ್ಲಿನ ಡಾಕ್ಟರ ಪತ್ರವೂ ಇತ್ತು. ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸುತ್ತಾರೆ. ಆಗ ಬಾಯಲ್ಲಿ ಅಡಗಿ ಕೂತ ಕೀವು ಜೀವಕ್ಕೇ ಮುಳುವಾಗಬಹುದು, ಅದಕ್ಕೆ ಈ ಪತ್ರ. ಹಲ್ಲು ನೋವಿಲ್ಲವೆಂದು ಮನೆಯವರು ಆ ಸಾಲನ್ನು ಕೊನೆಗೆ ಬಿಟ್ಟಿದ್ದರು. ಆಮೇಲೆ ನೋವು ತಾನಾಗಿಯೇ ಬಂತು.

ಬಲಗಡೆ ಕೆಳಗಿನ ಮೊದಲ ದವಡೆ ಹಲ್ಲು ಅಲ್ಲಾಡುತ್ತಿತ್ತು. ಒತ್ತಿದರೆ ಒಸಡಿನಿಂದ ಕೀವು. ಮೇಲೆ ಎಡಗಡೆ ಮುರಿದುಳಿದ ಎರಡು ಬೇರು, ಬಲಗಡೆ ಹುಳುಕು ಹತ್ತಿದ ಬುದ್ಧಿಹಲ್ಲು. ಎಲ್ಲ ಹಲ್ಲಿನ ಬುಡದಲ್ಲೂ ದಪ್ಪ ಕಿಟ್ಟ. ಅದಕ್ಕೆ ಜಗಿಯುವ ಅಡಿಕೆಯೊಂದೇ ಕಾರಣವಲ್ಲ. ಕಿಡ್ನಿ ಕೆಟ್ಟವರ ಜೊಲ್ಲಿನಲ್ಲಿ ಯೂರಿಯಾ ಜಾಸ್ತಿ, ಅದು ಒಡೆದು ಅಮೋನಿಯಾ ಆಗಿ ಬಾಯಿ ಕ್ಷಾರವಾಗುತ್ತದೆ, ಕಿಟ್ಟ ಬೇಗ ಗಟ್ಟಿಯಾಗುತ್ತದೆ.

ಆ ಸೋಮವಾರ

ನೋವು ಶುರುವಾಗಿ ನಾಲ್ಕು ದಿನ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ಮಾತ್ರೆ ತಂದು ನುಂಗಿದ್ದರು. ಸೋಮವಾರ 4:30ಕ್ಕೆ ಡಯಾಲಿಸಿಸ್ ಮುಗಿಯಿತು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹಲ್ಲಿನ ಕ್ಲಿನಿಕ್, ಊರಿಗೆ ಕೊನೆಯ ಬಸ್ 7:30ಕ್ಕೆ. ಮಗ ಅವತ್ತು ರಜೆ ಹಾಕಿದ್ದ. "ಸಾರ್, ಹೇಗೂ ಬಂದಿದ್ದೀವಿ, ಇವತ್ತೇ ತೆಗೆದುಬಿಡಿ" ಅಂದ. ಇಂಥ ರೋಗಿಗಳಲ್ಲಿ ಅಪಾಯ ಹುಟ್ಟುವುದು ಬಹುಪಾಲು ಇಂಥ ಮಾತಿನಿಂದಲೇ, ಅದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ವಾರಕ್ಕೆ ಎರಡು ದಿನ ಆಸ್ಪತ್ರೆಗೆ ಓಡಾಡುವ ಮನೆಗೆ ಮೂರನೇ ದಿನ ಅಂದರೆ ಇನ್ನೊಂದು ಕೂಲಿ, ಇನ್ನೊಂದು ಬಸ್ ಚಾರ್ಜು.

ದಂತವೈದ್ಯರು ಕೈಬೀಸಿ ಕೆಲಸ ಮಾಡಿದವರಲ್ಲ. ಸಕ್ಕರೆ ನೋಡಿದರು, ಬಲಗೈಯಲ್ಲಿ ಬಿಪಿ ನೋಡಿದರು, ವಾರದ ಹಿಂದಿನ ರಕ್ತದ ರಿಪೋರ್ಟ್ ಕೇಳಿ ಓದಿದರು. ಪ್ಲೇಟ್‌ಲೆಟ್ ಸರಿ ಇದೆ, ಐಎನ್‌ಆರ್ ಸರಿ ಇದೆ. 5:45ಕ್ಕೆ ಹಲ್ಲು ತೆಗೆದರು. ಸಡಿಲವಿದ್ದ ಹಲ್ಲು, ಎರಡು ನಿಮಿಷದ ಕೆಲಸ. ಹತ್ತಿ ಕಚ್ಚಿಸಿ ಅರ್ಧ ಗಂಟೆ ಕೂರಿಸಿಕೊಂಡರು, ರಕ್ತ ನಿಂತಿತ್ತು. ಆಂಟಿಬಯಾಟಿಕ್ ಆಮಾಕ್ಸಿಕ್ಲಾವ್ 625 ದಿನಕ್ಕೆ ಮೂರು ಸಲ, ಜೊತೆಗೆ ಮತ್ತದೇ ಡೈಕ್ಲೋಫಿನಾಕ್ ಬರೆದು ಕಳಿಸಿದರು.

ಆ ರಿಪೋರ್ಟು ಸುಳ್ಳು ಹೇಳಲಿಲ್ಲ, ಆದರೆ ಬೇಕಾದ್ದನ್ನೂ ಹೇಳಲಿಲ್ಲ. ಕಿಡ್ನಿ ಕೆಟ್ಟವರಲ್ಲಿ ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಿದ್ದರೂ ಅವು ಒಂದಕ್ಕೊಂದು, ರಕ್ತನಾಳದ ಗೋಡೆಗೆ ಸರಿಯಾಗಿ ಅಂಟುವುದಿಲ್ಲ. ಎಣಿಸುವ ಯಂತ್ರ ತಲೆ ಎಣಿಸುತ್ತದೆ, ಕೆಲಸ ಮಾಡುತ್ತಿವೆಯೇ ಎಂದು ನೋಡುವುದಿಲ್ಲ. ಐಎನ್‌ಆರ್‌ಗೆ ಪ್ಲೇಟ್‌ಲೆಟ್ ಸಂಗತಿಯೇ ಗೊತ್ತಾಗದು. ಇದರ ಮೇಲೆ ರಕ್ತಹೀನತೆ: ಕೆಂಪು ಕಣಗಳು ಸಾಕಷ್ಟಿದ್ದಾಗ ಅವು ಹರಿವಿನ ನಡುವೆ ತುಂಬಿಕೊಂಡು ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆಗೆ ತಳ್ಳುತ್ತವೆ. 8.4 ಹಿಮೋಗ್ಲೋಬಿನ್‌ನಲ್ಲಿ ಆ ತಳ್ಳು ಕಡಿಮೆ. ಜೊತೆಗೆ ಆಸ್ಪಿರಿನ್, ಅದರ ಜೊತೆಗೆ ಡೈಕ್ಲೋಫಿನಾಕ್, ಎರಡೂ ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಮಂದಗೊಳಿಸುತ್ತವೆ. ಕೊನೆಯದಾಗಿ ಹೆಪಾರಿನ್, ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ. ಡಯಾಲಿಸಿಸ್ ಪುಸ್ತಕದ ಪ್ರಕಾರ ಶುರುವಿಗೆ 2000 ಯೂನಿಟ್, ಆಮೇಲೆ ಗಂಟೆಗೆ ಸಾವಿರದಂತೆ ಮೂರು ಸಲ, ಕೊನೆಯದು 3:30ಕ್ಕೆ. ಹೆಪಾರಿನ್ ಪ್ರಭಾವ ಇಳಿಯಲು 4ರಿಂದ 6 ಗಂಟೆ ಬೇಕು. ಹಲ್ಲು ಕಿತ್ತದ್ದು ಆ ಕೊನೆಯ ಡೋಸ್ ಆಗಿ ಬರೀ ಎರಡೂಕಾಲು ಗಂಟೆಗೆ.

ಹಾಗಿದ್ದರೆ 6:15ಕ್ಕೆ ರಕ್ತ ನಿಂತಿದ್ದು ಹೇಗೆ? ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದೆ. ಅದು ರಕ್ತನಾಳಗಳನ್ನು ಹಿಂಡಿ ಹಿಡಿದಿತ್ತು. ಹಿಡಿತ ಸಡಿಲವಾಗುವ ಹೊತ್ತಿಗೆ ಅವರು ಬಸ್ಸಿನಲ್ಲಿದ್ದರು.

ರಾತ್ರಿ

ಎಂಟು ಗಂಟೆಯಿಂದ ರಕ್ತ. ಹತ್ತು ನಿಮಿಷಕ್ಕೊಮ್ಮೆ ಹತ್ತಿ ತೆಗೆದು ನೋಡುವುದು, ಉಗುಳುವುದು, ತಣ್ಣೀರಲ್ಲಿ ಮುಕ್ಕಳಿಸುವುದು. ಪ್ರತಿ ಸಲವೂ ಕಟ್ಟತೊಡಗಿದ ಹೆಪ್ಪು ಕಿತ್ತುಬರುತ್ತಿತ್ತು. ಯಾರೋ ಹೇಳಿದರೆಂದು ಕುಳಿಗೆ ಕಾಫಿಪುಡಿ ತುಂಬಿದರು. ಊಟ ಸೇರುವುದಿಲ್ಲ, ನಿತ್ರಾಣವಾಗಿದೆ ಅಂತ ರಾತ್ರಿ ಮೂರು ಎಳನೀರು ಕುಡಿಸಿದರು.

ಎಳನೀರು ಕೊಡುವುದು ಪ್ರೀತಿಯಿಂದ. ಆದರೆ ಒಂದು ಎಳನೀರಿನಲ್ಲಿ ಸುಮಾರು 500ರಿಂದ 700 ಮಿ.ಗ್ರಾಂ ಪೊಟ್ಯಾಸಿಯಂ ಇದೆ. ಡಯಾಲಿಸಿಸ್ ರೋಗಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ ಹೇಳುವ ಮಿತಿಯೇ 2000 ಮಿ.ಗ್ರಾಂ ಆಸುಪಾಸು. ನುಂಗಿದ ರಕ್ತವೂ ಹೊಟ್ಟೆಯಲ್ಲಿ ಜೀರ್ಣವಾಗಿ ಪೊಟ್ಯಾಸಿಯಂ, ಯೂರಿಯಾ ಎರಡನ್ನೂ ಏರಿಸುತ್ತದೆ. ಎರಡು ಗಂಟೆ ರಾತ್ರಿಗೆ ಕಪ್ಪಗಿನ ವಾಂತಿಯಾಯಿತು. ಐದಕ್ಕೆ ತಾಲ್ಲೂಕು ಆಸ್ಪತ್ರೆಗೆ ಕರೆತಂದರು.

ಮಂಗಳವಾರ ಬೆಳಗಿನ ನಿರ್ಧಾರಗಳು

ನಾಡಿ 108, ಬಿಪಿ 170/100. ಇಸಿಜಿಯಲ್ಲಿ ಟಿ ಅಲೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿದ್ದವು, ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡಬಹುದೆಂಬ ಸೂಚನೆ ಅದು. ಹಿಂದಿನ ಸಂಜೆಯಷ್ಟೇ ಡಯಾಲಿಸಿಸ್ ಮುಗಿಸಿದವರಿಗೆ ಪೊಟ್ಯಾಸಿಯಂ ಏರಿದೆಯೆಂದು ನಂಬುವುದು ಕಷ್ಟ, ರಿಪೋರ್ಟ್ ಬರಲಿ ಎನ್ನುವ ಮಾತು ಬಂತು. ಡ್ಯೂಟಿ ಡಾಕ್ಟರು ಕಾಯಲಿಲ್ಲ. 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ ಬಲಗೈ ರಕ್ತನಾಳಕ್ಕೆ, 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಜೊತೆ 25 ಗ್ರಾಂ ಗ್ಲೂಕೋಸ್, ಸಾಲ್ಬುಟಮಾಲ್ ನೆಬ್ಯುಲೈಸರ್. ಏಳಕ್ಕೆ ಬಂದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 6.4. ಕಿಡ್ನಿ ಕೆಟ್ಟವರಲ್ಲಿ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಮುಂದಿನ ಆರು ಗಂಟೆ ಗಂಟೆಗೊಮ್ಮೆ ಸಕ್ಕರೆ ನೋಡಿದರು. ಮೂರನೇ ಗಂಟೆಗೆ ಅದು 68ಕ್ಕೆ ಇಳಿದಿತ್ತು, ಮತ್ತೆ ಗ್ಲೂಕೋಸ್ ಬೇಕಾಯಿತು.

ಬಾಯಿಯ ಕೆಲಸ ಆಸ್ಪತ್ರೆಯ ದಂತವೈದ್ಯರದು. ಹೆಪಾರಿನ್‌ಗೆ ಪ್ರತಿಯಾಗಿ ಪ್ರೊಟಮಿನ್ ಕೊಡೋಣವೇ ಎಂಬ ಪ್ರಶ್ನೆ ಎದ್ದಿತ್ತು. ಕೊನೆಯ ಡೋಸ್ ಹೋಗಿ ಹದಿಮೂರು ಗಂಟೆ ದಾಟಿತ್ತು. ಹೆಪಾರಿನ್ ಮೈಯಲ್ಲಿ ಉಳಿದೇ ಇರಲಿಲ್ಲ. ರಕ್ತಸ್ರಾವ ಶುರು ಮಾಡಿದ್ದರಲ್ಲಿ ಹೆಪಾರಿನ್ ಪಾಲಿತ್ತು, ಮುಂದುವರಿಸಿದ್ದು ಬೇರೆ ಕಾರಣ. ಬಾಯಿ ತೆರೆಸಿ ನೋಡಿದರೆ ಕುಳಿಯ ಮೇಲೆ ಕುರಿಯ ಈಲಿಯ ತುಣುಕಿನಂತೆ ಕಪ್ಪುಗೆಂಪು, ಲೋಳೆಲೋಳೆ ಹೆಪ್ಪೊಂದು ಉಬ್ಬಿ ಕೂತಿತ್ತು, ಅದರಲ್ಲಿ ಕಾಫಿಪುಡಿಯ ಕಪ್ಪು ಕಾಳುಗಳು. ಹೆಪ್ಪು ಕಂಡರೆ ಮುಟ್ಟಬಾರದೆಂದು ಬಿಡುವವರಿದ್ದಾರೆ. ಆದರೆ ಇದು ಕೆಲಸ ಮಾಡುವ ಹೆಪ್ಪಲ್ಲ. ಅದರ ಅಡಿಯಿಂದಲೇ ರಕ್ತ ಜಿನುಗುತ್ತಿರುತ್ತದೆ, ಅದು ಕೂತಿರುವವರೆಗೆ ಒತ್ತಿದ ಗಾಜ್ ಕುಳಿಯನ್ನು ಮುಟ್ಟುವುದೇ ಇಲ್ಲ.

ಮರಗಟ್ಟಿಸಿ, ಹೆಪ್ಪನ್ನು ಪೂರ್ತಿ ತೆಗೆದು, ಸಲೈನ್‌ನಿಂದ ಕಾಫಿಪುಡಿ ತೊಳೆದರು. ಕುಳಿಯ ತಳದಲ್ಲಿ ಕೀವಿನ ಜಾಗದಲ್ಲಿ ಬೆಳೆದ ಮೆತ್ತನೆಯ ಕೆಂಪು ಮಾಂಸ ಹಾಗೇ ಉಳಿದಿತ್ತು. ಹೆಚ್ಚು ರಕ್ತ ಬರುತ್ತಿದ್ದುದು ಅಲ್ಲಿಂದ. ಅದನ್ನು ಕೆರೆದು ತೆಗೆದರು. ಜೆಲಾಟಿನ್ ಸ್ಪಂಜಿನ ತುಣುಕನ್ನು, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿ ಕುಳಿಗೆ ತುಂಬಿ, ಮೇಲೆ 3-0 ವಿಕ್ರಿಲ್ ದಾರದಿಂದ ಎಂಟರ ಆಕಾರದ ಅಡ್ಡಹೊಲಿಗೆ ಹಾಕಿದರು. ಉಳಿದ ಟ್ರಾನೆಕ್ಸಾಮಿಕ್‌ನಲ್ಲಿ ನೆನೆಸಿದ ಗಾಜ್ ಅನ್ನು ಬಿಗಿಯಾಗಿ ಕಚ್ಚಿಸಿ ಗಡಿಯಾರ ನೋಡಿಕೊಂಡು 30 ನಿಮಿಷ. ನಡುವೆ ತೆಗೆದು ನೋಡುವ ಹಾಗಿಲ್ಲ. ರಕ್ತ ನಿಂತಿತು.

ಡೆಸ್ಮೊಪ್ರೆಸಿನ್ ಕೊಡಲು ಜಿಲ್ಲೆಗೆ ಕಳಿಸಬೇಕೇ ಎಂಬ ಯೋಚನೆಯೂ ಇತ್ತು. ಕಿಲೋಗೆ 0.3 ಮೈಕ್ರೋಗ್ರಾಂ, ಅಂದರೆ ಇವರಿಗೆ ಸುಮಾರು 17 ಮೈಕ್ರೋಗ್ರಾಂ, 50 ಮಿ.ಲೀ. ಸಲೈನ್‌ನಲ್ಲಿ ಅರ್ಧ ಗಂಟೆ. ಒಂದು ಗಂಟೆಯೊಳಗೆ ಪ್ಲೇಟ್‌ಲೆಟ್‌ಗಳ ಅಂಟು ಸುಧಾರಿಸುತ್ತದೆ, 4ರಿಂದ 8 ಗಂಟೆ ಉಳಿಯುತ್ತದೆ. ಮತ್ತೆ ಮತ್ತೆ ಕೊಟ್ಟರೆ ಫಲ ಕುಗ್ಗುತ್ತದೆ. ಒಳ್ಳೆಯ ಔಷಧಿಯೇ. ಆದರೆ ಕೊಳೆತ ಹೆಪ್ಪು, ಕೆರೆಯದ ಕುಳಿ, ಹೊಲಿಗೆಯಿಲ್ಲದ ಗಾಯ ಹಾಗೇ ಇರುವಾಗ ಯಾವ ಇಂಜೆಕ್ಷನ್ನೂ ಅವುಗಳ ಕೆಲಸ ಮಾಡಿಕೊಡದು. ಮೊದಲು ಬಾಯಿ, ನಿಲ್ಲದಿದ್ದರೆ ಆಂಬುಲೆನ್ಸ್ ಎಂದು ತೀರ್ಮಾನಿಸಿದ್ದು ಸರಿಯಾಯಿತು.

ಇನ್ನೊಂದು ತಿರುವು ರಕ್ತ ಕೊಡುವ ವಿಷಯ. ಹಿಮೋಗ್ಲೋಬಿನ್ 7.1ಕ್ಕೆ ಇಳಿದಿತ್ತು, ಒಂದು ಬಾಟಲಿ ತರಿಸಲು ಚೀಟಿ ಬರೆದೂ ಆಗಿತ್ತು. ಜಿಲ್ಲಾ ಕೇಂದ್ರದ ಕಿಡ್ನಿ ತಜ್ಞರು ಫೋನಿನಲ್ಲಿ ತಡೆದರು. ಬೇರೆಯವರ ರಕ್ತದಿಂದ ರೋಗಿಯ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿಕೊಂಡರೆ, ಅವು ನಾಳೆ ಹೆಂಡತಿಯ ಕಿಡ್ನಿಯ ಮೇಲೂ ತಿರುಗಿ ಬೀಳಬಹುದು, ಇಬ್ಬರ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಪಾಸಿಟಿವ್ ಆದರೆ ಕಸಿಯೇ ಕೈತಪ್ಪುತ್ತದೆ. ಎದೆನೋವಿಲ್ಲ, ಉಬ್ಬಸವಿಲ್ಲ, ರಕ್ತ ನಿಂತಿದೆ, ಹಾಗಾಗಿ ಕಾಯೋಣ ಎಂದರು. ಉಸಿರು ಕಟ್ಟಿದ್ದರೆ, ರಕ್ತ ಹರಿಯುತ್ತಲೇ ಇದ್ದಿದ್ದರೆ ಇದೇ ತಜ್ಞರು ಬಿಳಿಕಣ ಸೋಸಿದ ರಕ್ತ ಕೊಡಿ ಎನ್ನುತ್ತಿದ್ದರು. ಕಸಿಯ ಆಸೆಗೆ ಜೀವ ಪಣಕ್ಕಿಡುವ ಮಾತಿಲ್ಲ.

ಎಂಟು ಗಂಟೆಗೆ ಹೆಪಾರಿನ್ ಇಲ್ಲದೆ ಮೂರು ಗಂಟೆಯ ಡಯಾಲಿಸಿಸ್ ಆಯಿತು. ಆಮಾಕ್ಸಿಕ್ಲಾವ್ 625 ಅನ್ನು ದಿನಕ್ಕೊಂದಕ್ಕೆ ಇಳಿಸಿ, ಡಯಾಲಿಸಿಸ್ ಇರುವ ದಿನ ಅದು ಮುಗಿದ ಮೇಲೆ ನುಂಗಲು ಹೇಳಿದರು. ಮೊದಲೇ ನುಂಗಿದರೆ ಯಂತ್ರ ಸೋಸಿ ಹಾಕುತ್ತದೆ. ಮೂರು ಸಲ ನುಂಗಿದರೆ ಮೈಯಲ್ಲೇ ಕೂತು ಗೊಂದಲ, ಫಿಟ್ಸ್ ತರಬಹುದು. ನೋವಿಗೆ ಡೈಕ್ಲೋಫಿನಾಕ್ ಬದಲು ಪ್ಯಾರಾಸಿಟಮಾಲ್ 650, ದಿನಕ್ಕೆ ಮೂರು.

ಎರಡನೇ ಸುತ್ತಿನ ತಯಾರಿ

ಕೀಳಬೇಕಾದ್ದು ಇನ್ನೂ ಮೂರು. ಈ ಸಲ ಅವಸರವಿರಲಿಲ್ಲ. ಕಬ್ಬಿಣದ ಇಂಜೆಕ್ಷನ್ ಕೊಟ್ಟು, ಎರಿಥ್ರೋಪೊಯೆಟಿನ್ ಏರಿಸಿ ಆರು ವಾರ ಕಾದರು. ಗುರಿ ಹಿಮೋಗ್ಲೋಬಿನ್ 10, ಮುಟ್ಟಿದ್ದು 9.4, ಅಷ್ಟಕ್ಕೇ ಮುಂದುವರಿದರು. ಆ ನಡುವೆ ಕಿಟ್ಟ ತೆಗೆಸಿ, 0.2% ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿದ್ದರಿಂದ ಒಸಡಿನ ಊತವೂ ಇಳಿಯಿತು.

ಆಸ್ಪಿರಿನ್ ಯಾರು, ಯಾಕೆ ಬರೆದದ್ದು ಎಂದು ಹಳೆಯ ಚೀಟಿಗಳನ್ನೆಲ್ಲ ಹುಡುಕಿದರು. ಸ್ಟೆಂಟ್ ಇಲ್ಲ, ಹೃದಯಾಘಾತವಾಗಿಲ್ಲ, ಪಾರ್ಶ್ವವಾಯು ಇಲ್ಲ. ತಜ್ಞರು ಅದನ್ನು ಪೂರ್ತಿಯಾಗಿ ಕೈಬಿಟ್ಟರು. ಸ್ಟೆಂಟ್ ಇದ್ದವರಲ್ಲಿ ಒಂದು ಹಲ್ಲಿಗೋಸ್ಕರ ಆಸ್ಪಿರಿನ್ ನಿಲ್ಲಿಸುವುದು ರಕ್ತಸ್ರಾವಕ್ಕಿಂತ ದೊಡ್ಡ ಅಪಾಯ. ಅದನ್ನು ಮುಂದುವರಿಸಿಯೇ ಸ್ಪಂಜು, ಹೊಲಿಗೆಯಿಂದ ಕೆಲಸ ಸಾಗಿಸುತ್ತಾರೆ.

ಎಕ್ಸ್‌ರೇ ಒಂದು ಹಲ್ಲನ್ನು ಉಳಿಸಿತು. ಕಿತ್ತ ಹಲ್ಲಿನ ಹಿಂದಿನ ದವಡೆ ಹಲ್ಲಿನ ಬೇರಿನ ಸುತ್ತ ಕಪ್ಪಾಗಿದೆ, ಅದನ್ನೂ ತೆಗೆಯಬೇಕು ಎಂದು ಮೊದಲ ಕ್ಲಿನಿಕ್ಕಿನ ಚೀಟಿಯಲ್ಲಿತ್ತು. ಇಡೀ ದವಡೆಯ ಎಕ್ಸ್‌ರೇ ತೆಗೆಸಿದಾಗ ಎಲ್ಲ ಹಲ್ಲುಗಳ ಬೇರಿನ ಸುತ್ತಲೂ ಇರಬೇಕಾದ ಬಿಳಿ ಗೆರೆ ಮಾಯವಾಗಿತ್ತು, ಮೂಳೆ ಮಸುಕು ಗಾಜಿನಂತಿತ್ತು. ಇದು ಕೀವಲ್ಲ, ಕಿಡ್ನಿ ಕೆಟ್ಟು ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿ ಮೂಳೆಯ ಸುಣ್ಣ ಕರಗಿದ ಗುರುತು. ಆ ಗ್ರಂಥಿಯ ಹಾರ್ಮೋನ್ ಪಿಟಿಎಚ್ 780 ಬಂತು. ಆ ಹಲ್ಲಿಗೆ ತಣ್ಣನೆಯ ಹತ್ತಿ ಮುಟ್ಟಿಸಿದಾಗ ರೋಗಿ ತಟ್ಟನೆ ಕೈ ಎತ್ತಿದರು. ನರ ಬದುಕಿದೆ, ಹಲ್ಲು ಉಳಿಯಿತು. ಮೂಳೆ ಮೆತ್ತಗಿದ್ದವರಲ್ಲಿ ಜೋರು ಹಾಕಿದರೆ ದವಡೆಯೇ ಮುರಿಯಬಹುದು, ಹಾಗಾಗಿ ಬೇರುಗಳನ್ನು ಎಲಿವೇಟರ್ ಎಂಬ ಸಣ್ಣ ಸಲಕರಣೆಯಿಂದ ಸ್ವಲ್ಪಸ್ವಲ್ಪವೇ ಸಡಿಲಿಸುವುದೆಂದು ಬರೆದಿಟ್ಟುಕೊಂಡರು.

ಯಾವ ದಿನ ಎಂಬುದಕ್ಕೆ ಸಾಕಷ್ಟು ಚರ್ಚೆಯಾಯಿತು. ಡಯಾಲಿಸಿಸ್ ಮರುದಿನ ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ: ಹೆಪಾರಿನ್ ಇಳಿದಿರುತ್ತದೆ, ರಕ್ತ ಶುದ್ಧವಾಗಿದ್ದು ಪ್ಲೇಟ್‌ಲೆಟ್ ಸ್ವಲ್ಪ ಚುರುಕಾಗಿರುತ್ತದೆ, ಪೊಟ್ಯಾಸಿಯಂ ತಗ್ಗಿರುತ್ತದೆ. ಹಾಗಾದರೆ ಮಂಗಳವಾರವೋ ಶುಕ್ರವಾರವೋ? ದಂತವೈದ್ಯರು ಮಂಗಳವಾರ ಎಂದರು, ರಕ್ತ ಬಂದರೆ ಮುಂದಿನ ದಿನಗಳಲ್ಲಿ ಎಲ್ಲರೂ ಡ್ಯೂಟಿಯಲ್ಲಿರುತ್ತಾರೆ. ತಜ್ಞರು ಶುಕ್ರವಾರ ಎಂದರು, ಮುಂದಿನ ಹೆಪಾರಿನ್‌ಗೆ ಮೂರು ದಿನ ಬಿಡುವು ಸಿಗುತ್ತದೆ. ಮಂಗಳವಾರವಾದರೆ ಎರಡೇ ದಿನ. ಕೊನೆಗೆ ಶುಕ್ರವಾರ ಬೆಳಿಗ್ಗೆ 9:30 ಎಂದಾಯಿತು, ಶನಿವಾರ ಒಪಿಡಿಯಲ್ಲಿ ಒಮ್ಮೆ ತೋರಿಸುವ ಷರತ್ತಿನ ಮೇಲೆ.

ಫಿಸ್ಟುಲಾ ಇದೆಯೆಂಬ ಒಂದೇ ಕಾರಣಕ್ಕೆ ಮುಂಚಿತವಾಗಿ ಆಂಟಿಬಯಾಟಿಕ್ ಕೊಡಲಿಲ್ಲ. ಹಲ್ಲಿನ ಕೆಲಸಕ್ಕೆ ಅದನ್ನು ವಾಡಿಕೆಯಾಗಿ ಕೊಡಬೇಕಿಲ್ಲವೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2003ರಲ್ಲೇ ಹೇಳಿದೆ. ಹೃದಯದ ಕವಾಟ ಬದಲಿಸಿದ್ದರೆ ಲೆಕ್ಕ ಬೇರೆ.

ಎರಡು ಶುಕ್ರವಾರಗಳು

ಮೊದಲ ಶುಕ್ರವಾರ ಎಡಗಡೆಯ ಎರಡು ಬೇರು. ಸಕ್ಕರೆ 148, ಬಿಪಿ 150/90. ಎಡಗೈಯನ್ನು ದಿಂಬಿನ ಮೇಲೆ ಸಡಿಲವಾಗಿ ಇಡಿಸಿ, ಕುರ್ಚಿ ಅರ್ಧ ಮಾತ್ರ ಒರಗಿಸಿದರು. 1:80,000 ಅಡ್ರಿನಲಿನ್ ಇರುವ 2% ಲಿಗ್ನೊಕೇನ್, 1.8 ಮಿ.ಲೀ.ಯ ಎರಡು ಕಾರ್ಟ್ರಿಜ್, ಅದಕ್ಕಿಂತ ಹೆಚ್ಚಿಲ್ಲ. ಸ್ಪಂಜು, ಅಡ್ಡಹೊಲಿಗೆ, 30 ನಿಮಿಷದ ಗಾಜ್ ಎಲ್ಲವನ್ನೂ ರಕ್ತಕ್ಕೆ ಕಾಯದೆ ಮಾಡಿದರು. ಅಡ್ರಿನಲಿನ್ ಇಳಿಯುವವರೆಗೆ, ಅಂದರೆ ಎರಡು ಗಂಟೆ, ಬೆಂಚಿನ ಮೇಲೆ ಕೂರಿಸಿಕೊಂಡರು.

ಮನೆಗೆ ಟ್ರಾನೆಕ್ಸಾಮಿಕ್ ಆಂಪ್ಯೂಲ್ ಕೊಟ್ಟರು: 5 ಮಿ.ಲೀ. ಔಷಧಿಗೆ ಅಷ್ಟೇ ನೀರು ಬೆರೆಸಿದರೆ 5% ದ್ರಾವಣ. ದಿನಕ್ಕೆ ನಾಲ್ಕು ಸಲ, ಎರಡು ನಿಮಿಷ ಬಾಯಲ್ಲಿ ಸುಮ್ಮನೆ ಹಿಡಿದು, ತಲೆ ಬಾಗಿಸಿ ತಾನಾಗಿ ಸುರಿಯಲು ಬಿಡುವುದು. ಗುಳುಗುಳು ಮಾಡುವಂತಿಲ್ಲ, ನುಂಗುವಂತಿಲ್ಲ. ಇದರದೇ ಮಾತ್ರೆ ಕೊಡಲಿಲ್ಲ, ಕಿಡ್ನಿಯಿಂದ ಹೊರಹೋಗಬೇಕಾದ ಔಷಧಿ ಅದು, ಮೈಯಲ್ಲಿ ತುಂಬಿಕೊಂಡರೆ ಫಿಟ್ಸ್ ಬರಬಹುದು. ಊಟಕ್ಕೆ ತಣ್ಣಗಿನ ಅನ್ನದ ಗಂಜಿ, ಮೆತ್ತನೆ ಇಡ್ಲಿ. ಎಳನೀರು, ಮೋಸಂಬಿ ರಸ, ಬಾಳೆಹಣ್ಣು ಬೇಡ. ಇದನ್ನು ರೋಗಿಗಿಂತ ಹೆಚ್ಚಾಗಿ ಹೆಂಡತಿಗೆ ಹೇಳಿದರು. "ಅವತ್ತು ನಾನೇ ಕುಡಿಸಿದ್ದು ಸಾರ್" ಅಂತ ಆಕೆ ಅಂದಾಗ, ಅದು ನಿಮ್ಮ ತಪ್ಪಲ್ಲಮ್ಮ, ಹೇಳದೇ ಇದ್ದವರದ್ದು ಎಂದರು ದಂತವೈದ್ಯರು.

ಬಾಯಲ್ಲಿ ರಕ್ತ ಬರಲಿಲ್ಲ. ಎಡವಟ್ಟಾದದ್ದು ಸೋಮವಾರ, ಡಯಾಲಿಸಿಸ್ ಯಂತ್ರದಲ್ಲಿ. ಹೆಪಾರಿನ್ ಪೂರ್ತಿ ಬಿಟ್ಟು ಅರ್ಧ ಗಂಟೆಗೊಮ್ಮೆ 100 ಮಿ.ಲೀ. ಸಲೈನ್ ಹರಿಸುವ ಕ್ರಮ. ಮೂರನೇ ಗಂಟೆಯಲ್ಲಿ ಟೆಕ್ನಿಷಿಯನ್ ಇನ್ನೊಬ್ಬ ರೋಗಿಯ ಬಳಿಯಿದ್ದಾಗ ಒಂದು ಸರದಿ ತಪ್ಪಿತು, ಫಿಲ್ಟರ್ ಹೆಪ್ಪುಗಟ್ಟಿತು. ಅದರೊಳಗಿದ್ದ ರಕ್ತ ವಾಪಸ್ ಬರಲಿಲ್ಲ. ಹಲ್ಲಿನಿಂದ ಹೋಗದಂತೆ ಕಾಪಾಡಿದ ರಕ್ತವನ್ನು ಯಂತ್ರಕ್ಕೆ ಕೊಟ್ಟಂತಾಯಿತು.

ಹಾಗಾಗಿ ಎರಡು ವಾರದ ನಂತರ ಬುದ್ಧಿಹಲ್ಲು ತೆಗೆದಾಗ, ಸೋಮವಾರ ಹೆಪಾರಿನ್ ಪೂರ್ತಿ ಕೈಬಿಡಲಿಲ್ಲ, ಶುರುವಿಗೆ 1000 ಯೂನಿಟ್ ಮಾತ್ರ ಕೊಟ್ಟರು. ಮೂರು ದಿನ ಗಟ್ಟಿಯಾಗಿದ್ದ ಹೆಪ್ಪು ಅಷ್ಟಕ್ಕೆ ಅಲ್ಲಾಡಲಿಲ್ಲ, ಫಿಲ್ಟರೂ ಕಟ್ಟಲಿಲ್ಲ. ನಡುವೆ ಶನಿವಾರ ಮಧ್ಯಾಹ್ನ ಸ್ವಲ್ಪ ಜಿನುಗಿದಾಗ ಮಗ ಫೋನ್ ಮಾಡಿದ. ಗಾಜ್ ಮಡಿಸಿ ಟ್ರಾನೆಕ್ಸಾಮಿಕ್‌ನಲ್ಲಿ ಅದ್ದಿ ಅರ್ಧ ಗಂಟೆ ಕಚ್ಚಿಸಿದ್ದೇ ಸಾಕಾಯಿತು.

ಇದರಿಂದ ತಿಳಿದದ್ದು

ಮೂರು ಹಲ್ಲು ನಿಭಾಯಿಸಲು ಬಳಸಿದ ಸಾಮಾನೆಲ್ಲ ಯಾವ ತಾಲ್ಲೂಕಿನಲ್ಲೂ ಸಿಗುವಂಥದ್ದು. ಬದಲಾದದ್ದು ಕೇಳಿದ ಪ್ರಶ್ನೆ. "ರಕ್ತದ ರಿಪೋರ್ಟ್ ತಂದಿದ್ದೀರಾ" ಎನ್ನುವ ಬದಲು "ಕೊನೆಯ ಡಯಾಲಿಸಿಸ್ ಯಾವಾಗ, ಹೆಪಾರಿನ್ ಎಷ್ಟು, ಅದರ ಪುಸ್ತಕ ಕೊಡಿ" ಎಂದು ಮೊದಲ ಸಂಜೆಯೇ ಕೇಳಿದ್ದರೆ ಮಂಗಳವಾರದ ಬೆಳಗು ಇರುತ್ತಿರಲಿಲ್ಲ. ಪುಸ್ತಕ ಅವತ್ತು ಮಗನ ಚೀಲದಲ್ಲೇ ಇತ್ತು.

ಇದೇ ಕ್ರಮವನ್ನು ಲಿವರ್ ಕೆಟ್ಟವರಿಗೆ ಹಾಗೇ ಹಚ್ಚುವಂತಿಲ್ಲ. ಸಿರೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಎಣಿಕೆಯೇ ಕುಸಿದಿರುತ್ತದೆ, ಐಎನ್‌ಆರ್ ಏರಿರುತ್ತದೆ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ದಾಟಬಾರದು, ಲಿಗ್ನೊಕೇನ್ ಲಿವರಿನಲ್ಲೇ ಕರಗಬೇಕಾದ್ದರಿಂದ ಅದರ ಪ್ರಮಾಣಕ್ಕೂ ಕಡಿವಾಣ ಬೇಕು. ಇಲ್ಲಿ ನಿರಾಳವಾಗಿ ಕೊಟ್ಟ ಔಷಧಿಗಳು ಅಲ್ಲಿ ಲೆಕ್ಕ ಹಾಕಿ ಕೊಡುವಂಥವು.

ಹಲ್ಲಿನ ಪತ್ರ ಸಿಕ್ಕಿತು, ಕ್ರಾಸ್‌ಮ್ಯಾಚ್ ನೆಗೆಟಿವ್ ಬಂತು. ಕಸಿಯ ನಂತರದ ಮೊದಲ ಆರು ತಿಂಗಳು ತುರ್ತಿಲ್ಲದ ಹಲ್ಲಿನ ಕೆಲಸ ಬೇಡವೆಂದೂ, ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವಾಗ ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್ ಬರೆಯಬಾರದೆಂದೂ ದಂತವೈದ್ಯರು ಪತ್ರದ ಹಿಂಬದಿಯಲ್ಲಿ ಬರೆದಿದ್ದಾರೆ. ಉಳಿಸಿಕೊಂಡ ದವಡೆ ಹಲ್ಲಿನ ಎಕ್ಸ್‌ರೇಯನ್ನು ಅದಕ್ಕೆ ಲಗತ್ತಿಸಿ, "ಇದು ಕೀವಲ್ಲ, ಕೀಳಬೇಡಿ" ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ. ತಾಲ್ಲೂಕು ಘಟಕದ ಡಯಾಲಿಸಿಸ್ ಪುಸ್ತಕಗಳ ಪ್ಲಾಸ್ಟಿಕ್ ಹೊದಿಕೆಯೊಳಗೆ ಈಗ ಒಂದು ಚೀಟಿ ಇರುತ್ತದೆ: ಹಲ್ಲು ಕೀಳುವ ಮುನ್ನ ಈ ಪುಸ್ತಕದ ಕೊನೆಯ ಪುಟ ನೋಡಿ, ಘಟಕಕ್ಕೆ ಫೋನ್ ಮಾಡಿ.